ಶೇಗಡಿ ಬುಟ್ಟಿಯ ಪಾಳಿ

ಖಾನಾಪುರದ ಮಳೆಗಾಲಕ್ಕೊಂದು ವಾಸನೆ ಇದೆ. ಜಲಪಾತ ನೋಡಲು ಗಾಡಿ ಮಾಡಿಕೊಂಡು ಬರುವವರು ಅದನ್ನು ಹಸಿಮಣ್ಣಿನ ವಾಸನೆ ಎಂದು ಎದೆ ತುಂಬ ಎಳೆದುಕೊಳ್ಳುತ್ತಾರೆ. ಚಂದ್ರವ್ವನ ಮೂಗಿಗೆ ಅದು ಅರ್ಧ ಒಣಗಿದ ಬನಿಯನ್ನಿನ ವಾಸನೆ. ಹುಳಿ ಹುಳಿ ನಾರುವ ಸಾಕ್ಸು, ಬೂಷ್ಟು ಹಿಡಿದ ಬೆಲ್ಟು, ಎಷ್ಟು ಹಿಂಡಿದರೂ ಭಾರ ಇಳಿಯದ ಧೋತರ, ಇವೆಲ್ಲದರ ಮೇಲೆ ಇದ್ದಿಲ ಹೊಗೆ. ಜೂನಿನಲ್ಲಿ ಮೂಗಿಗೆ ಅಂಟಿದ್ದು ದಸರೆಗೆ ಬಿಡುತ್ತದೆ. ಅಲ್ಲಿಯ ತನಕ ರೊಟ್ಟಿ ಮುರಿದರೂ ಅದೇ, ಮಗನ ತಲೆ ಮೂಸಿದರೂ ಅದೇ.

ಪಾರಿಶ್ವಾಡದ ಈ ಹೆಣ್ಣುಮಗಳು ಖಾನಾಪುರಕ್ಕೆ ಸೊಸೆಯಾಗಿ ಬಂದು ಹದಿನೈದು ಮಳೆಗಾಲ ಕಳೆದಿದ್ದಾಳೆ. ತವರು ಅದೇ ತಾಲೂಕಿನ ಬಯಲಿನ ಕಡೆಗಿದೆ. ಅಲ್ಲಿ ಮಳೆ ಬಂದು ಹೋಗುತ್ತದೆ. ಇಲ್ಲಿ ಬಂದು ಕೂರುತ್ತದೆ. ಗಂಡ ಬಾಳಪ್ಪ ಪತ್ತಿನ ಸೊಸೈಟಿಯೊಂದರಲ್ಲಿ ಕಾರಕೂನ. ಮಾವ ಗುರುಪಾದಪ್ಪ, ಅತ್ತೆ ಅಕ್ಕವ್ವ, ಎಂಟನೇ ಇಯತ್ತೆಯ ಮಗಳು ಸೃಷ್ಟಿ, ಎರಡನೇ ಇಯತ್ತೆಯ ಮಗ ಚೇತನ. ಆರು ಜನರ ಅರಿವೆ ಒಗೆಯುವುದು ದೊಡ್ಡ ಕೆಲಸವಲ್ಲ ಎಂದು ಆ ಮನೆಯಲ್ಲಿ ಎಲ್ಲರೂ ಒಪ್ಪುತ್ತಾರೆ, ಏಕೆಂದರೆ ಒಗೆಯುವವಳು ಒಬ್ಬಳೇ. ಖರೇ ಹೇಳಬೇಕೆಂದರೆ ಒಗೆಯುವುದು ದೊಡ್ಡದಲ್ಲ. ಒಣಗಿಸುವುದು.

ಮಳೆ ಹತ್ತಿದ ಮೇಲೆ ಹೊಳೆಯ ಕಡೆ ಇಳಿಯುವ ಆ ಓಣಿಯ ಮನೆಗಳಲ್ಲಿ ಪಡಸಾಲೆಯ ನಡುವೆ ಶೇಗಡಿ ಬಂದು ಕೂರುತ್ತದೆ. ತಗಡಿನ ಶೇಗಡಿಯಲ್ಲಿ ಇದ್ದಿಲು ಕೆಂಪಾದ ಮೇಲೆ ತುಸು ಬೂದಿ ಮುಚ್ಚಿ, ಅದರ ಮೇಲೆ ದೊಡ್ಡ ಬಿದಿರ ಬುಟ್ಟಿಯನ್ನು ಬೋರಲು ಹಾಕುತ್ತಾರೆ. ಬುಟ್ಟಿಯ ಬೆನ್ನಿನ ಮೇಲೆ ಅರಿವೆ ಹರಡಿ, ಹೊತ್ತದ ಹಾಗೆ ಮಗ್ಗುಲು ಬದಲಿಸುತ್ತ ಕಾಯಬೇಕು. ಇಸ್ತ್ರಿ ಪೆಟ್ಟಿಗೆಯೂ ಇದೆ, ಆದರೆ ಗಾಳಿ ಎದ್ದರೆ ಕರೆಂಟು ಹೋಗುತ್ತದೆ. ಇನ್ವರ್ಟರ್ ಇದೆ, ಆದರೆ ಅದು ಟಿವಿಗೆ ಮತ್ತು ಫೋನಿಗೆ. ಇಸ್ತ್ರಿಯ ಭಾರ ತಾಳುವುದಿಲ್ಲ. ಒಂದು ಬುಟ್ಟಿಯ ಮೇಲೆ ಒಂದು ಸಲಕ್ಕೆ ಎಷ್ಟು ಹಿಡಿಸೀತು? ಹೀಗಾಗಿ ಬುಟ್ಟಿಗೆ ಪಾಳಿ ಇತ್ತು.

ಪಾಳಿಯನ್ನು ಯಾರೂ ಕುಳಿತು ಗೊತ್ತು ಮಾಡಿದ್ದಲ್ಲ. ಮೊದಲು ಗುರುಪಾದಪ್ಪನ ಧೋತರ. ಆತ ಮಿಂದು ಲಿಂಗಪೂಜೆಗೆ ಕೂರಬೇಕು. ಆಮೇಲೆ ಬಾಳಪ್ಪನ ಪ್ಯಾಂಟು. ಆತ ನಾಲ್ಕು ಜನರ ನಡುವೆ ಹೋಗುವವನು. ಆಮೇಲೆ ಚೇತನನ ಅಂಗಿ ಚಡ್ಡಿ. ಸಣ್ಣ ಹುಡುಗ, ನೆಗಡಿಯಾದೀತು. ಕಡೆಗೆ, ಇದ್ದಿಲು ಬೂದಿಯಾಗುವ ಹೊತ್ತಿಗೆ, ಸೃಷ್ಟಿಯ ಯೂನಿಫಾರ್ಮು. ಚಂದ್ರವ್ವನ ಸೀರೆ ಚಂದ್ರವ್ವನ ಮೈಮೇಲೆಯೇ ಒಣಗುತ್ತಿತ್ತು. ಒಲೆಯ ಮುಂದೆ ನಿಲ್ಲುವವಳ ಮೈ ಬಿಸಿ ಇರುತ್ತದಲ್ಲ.

ಪಾಳಿಯ ಕಾವಲು ಅಕ್ಕವ್ವನದು. ಬೀಸಣಿಕೆ ಹಿಡಿದು ಬುಟ್ಟಿಯ ಬಾಜು ಮಣೆ ಹಾಕಿಕೊಂಡು ಕುಳಿತರೆ ಏಳುತ್ತಿರಲಿಲ್ಲ. ಒಂದು ಮುಂಜಾನೆ ಸೃಷ್ಟಿ ತನ್ನ ಲಂಗವನ್ನು ಸದ್ದಿಲ್ಲದೆ ಬುಟ್ಟಿಯ ಅಂಚಿಗೆ ಸೇರಿಸಿದಳು.

“ಏ, ನಿನಗೇನ ಕಲೆಕ್ಟರ್ ಆಫೀಸಿಗೆ ಹೋಗೂದೈತೇನು? ತೆಗಿ ಅದನ್ನ. ನಿಮ್ಮಪ್ಪನ ಪ್ಯಾಂಟ ಇನ್ನ ಹಸೀ ಐತಿ,” ಎಂದು ಅಜ್ಜಿ ಗದರಿದಳು.

“ಆಯಿ, ನನ್ನ ಬಸ್ ಮೊದಲ ಬರ್ತೈತಿ. ಪಪ್ಪಾ ಹತ್ತರ ಮ್ಯಾಲ ಹೋಗ್ತಾರ.”

“ಬಸ್ಸಿಗೇನ ಗೊತ್ತಾಗ್ತೈತಿ, ನಿನ್ನ ಲಂಗ ಹಸೀ ಐತೋ ಒಣಾ ಐತೋ?”

ಗುರುಪಾದಪ್ಪ ನಕ್ಕ. ಬಾಳಪ್ಪನೂ ನಕ್ಕ. ಲಂಗ ಕೆಳಗಿಳಿಯಿತು.

ಪಾಳಿಗೆ ಬರಲೇಬಾರದ ಅರಿವೆಗಳೂ ಇದ್ದವು, ಹೆಂಗಸರ ಒಳಬಟ್ಟೆ. ಗಂಡಸರ ಬನಿಯನ್ನು, ಪಟ್ಟಾಪಟ್ಟಿ ಚಡ್ಡಿ ಬುಟ್ಟಿಯ ಮೇಲೆ ರಾಜಾರೋಷವಾಗಿ ಮೆರೆಯುತ್ತಿದ್ದವು. ಮನೆಗೆ ಬಂದವರು ಅವುಗಳ ಪಕ್ಕದಲ್ಲೇ ಕೂತು ಚಹಾ ಕುಡಿದು, ರಾಜಕೀಯ ಮಾತಾಡಿ ಎದ್ದು ಹೋಗುತ್ತಿದ್ದರು. ಹೆಂಗಸರವು ಮಾತ್ರ ಹಿತ್ತಲ ಬಚ್ಚಲಿನ ತಗಡಿನಡಿ, ಕತ್ತಲೆಯಲ್ಲಿ, ಒಂದು ಹಗ್ಗದ ಮೇಲೆ, ಮೇಲೊಂದು ಹಳೇ ಟಾವೆಲು ಹೊದ್ದುಕೊಂಡು ಒಣಗಬೇಕು. ಒಣಗಬೇಕು ಎನ್ನುವುದು ಬರೀ ಮಾತಿಗೆ. ಬೇಸಿಗೆಯಲ್ಲೂ ಟಾವೆಲಿನ ಕೆಳಗೇ. ಅವು ಸೂರ್ಯನಿಗೂ ಕಾಣಬಾರದು. ಜುಲೈ ತಿಂಗಳಲ್ಲಿ ಅವನ್ನು ಮುಟ್ಟಿದರೆ ಕಪ್ಪೆಯ ಹೊಟ್ಟೆ ಮುಟ್ಟಿದ ಹಾಗೆ ತಣ್ಣಗೆ, ಲೋಳೆ ಲೋಳೆ. ಅದನ್ನೇ ಏರಿಸಿಕೊಂಡು ದಿನದ ಕೆಲಸಕ್ಕೆ ನಿಲ್ಲಬೇಕು, ಬಸ್ಸು ಹತ್ತಬೇಕು, ಸಾಲಿಯ ಬೆಂಚಿನ ಮೇಲೆ ಸಂಜೆಯ ತನಕ ಕೂರಬೇಕು.

ಚೇತನನ ಸಾಲಿ ಊರಲ್ಲೇ ಇತ್ತು. ಸೃಷ್ಟಿಯದು ಬೆಳಗಾವಿಯಲ್ಲಿ, ಹೆಣ್ಣುಮಕ್ಕಳ ಹೈಸ್ಕೂಲು. ಮುಂಜಾನೆಯ ಬಸ್ಸಿಗೆ ಮಗಳನ್ನು ಹತ್ತಿಸಿ ಬಂದು, ಆಮೇಲೆ ಮಗನನ್ನು ಬಿಡಲು ಹೋಗುವುದು ಚಂದ್ರವ್ವನ ದಿನಚರಿ. ಬಾಳಪ್ಪನಿಗೆ ಬೈಕು ಇದೆ. ಆದರೆ ಓಣಿಯಲ್ಲಿ ನೀರು ನಿಂತಾಗ ಬೈಕು ಇಳಿಸುವ ಹಾಗಿಲ್ಲ, ಸೈಲೆನ್ಸರಿಗೆ ನೀರು ಹೋಗುತ್ತದೆ. ಚಂದ್ರವ್ವನಿಗೆ ಸೈಲೆನ್ಸರ್ ಇಲ್ಲ. ಮಲಪ್ರಭೆ ಏರಿದರೆ ಗಟಾರಿನ ನೀರಿಗೆ ಹೋಗಲು ದಾರಿಯಿಲ್ಲದೆ ಅದು ಹಿಂದಕ್ಕೆ, ಮನೆಗಳ ಕಡೆಗೆ ಬರುತ್ತದೆ. ಓಣಿಯಲ್ಲಿ ನಿಲ್ಲುವುದು ಆ ನೀರು. ಕೋಳಿಯ ಪುಕ್ಕ, ಯಾರದೋ ಮಗುವಿನ ಉಬ್ಬಿದ ಡೈಪರು, ಹೊಟ್ಟೆ ಮೇಲಾದ ಹೆಗ್ಗಣ, ತುಂಬಿ ಹರಿದ ಪಾಯಿಖಾನೆ ಗುಂಡಿಗಳ ಹಳದಿ ನೊರೆ. ಬೆನ್ನ ಮೇಲೆ ಮಗ, ಎದೆಗೆ ಅವನ ಚೀಲ, ಸೀರೆ ಮೊಣಕಾಲಿಗೆ. ಎತ್ತರದ ಮನೆಗಳ ಗಂಡಸರು ಕಟ್ಟೆಯ ಮೇಲೆ ಹಲ್ಲುಜ್ಜುತ್ತ ನಿಂತು ಹೇಳುತ್ತಿದ್ದರು: “ಹಗೂರಕ ವೈನೀ, ಅಲ್ಲಿ ಗುಂಡಿ ಐತಿ ನೋಡ್ರಿ.” ಹಾಗೆಂದು ಆ ನೀರಿಗೇ ಉಗುಳುತ್ತಿದ್ದರು.

ಸೃಷ್ಟಿಯನ್ನು ಬೆಳಗಾವಿಗೆ ಹಾಕಿಸಿದ್ದು ಚಂದ್ರವ್ವನ ಹಟ. ಅದಕ್ಕೆ ಒಂದು ಹಳೆಯ ಕಾರಣವಿತ್ತು. ಚಂದ್ರವ್ವ ತವರಿನಲ್ಲಿ ಏಳನೇ ಇಯತ್ತೆ ಮುಗಿಸಿದಾಗ ಹೈಸ್ಕೂಲು ಹಳ್ಳದ ಆಚೆ ಇತ್ತು. ಹಳ್ಳ ಬಂದರೆ ಗಂಡುಹುಡುಗರು ಚಡ್ಡಿ ಅಂಗಿ ಕಳಚಿ ತಲೆಯ ಮೇಲಿಟ್ಟುಕೊಂಡು ದಾಟುತ್ತಿದ್ದರು. ಹುಡುಗಿಯರು ಲಂಗ ಎತ್ತುವ ಹಾಗಿರಲಿಲ್ಲ, ಎತ್ತದೆ ದಾಟುವ ಹಾಗೂ ಇರಲಿಲ್ಲ. ದಂಡೆಯ ಮೇಲೆ ನಿಂತು ನೋಡಿ ಮನೆಗೆ ಮರಳುತ್ತಿದ್ದರು. ಹಳ್ಳ ಇಳಿಯುವ ಹೊತ್ತಿಗೆ ಹಾಜರಿಯಿಂದ ಅವಳ ಹೆಸರೂ ಇಳಿದಿತ್ತು. ಇದನ್ನು ಅವಳು ಯಾರಿಗೂ ದೊಡ್ಡ ದುಃಖದ ಕತೆಯೆಂದು ಹೇಳಿದ್ದಿಲ್ಲ. ಮಗಳ ಸಾಲಿಯ ಮಾತು ಬಂದಾಗ ಮಾತ್ರ, “ನಡುವ ಹಳ್ಳ ಇಲ್ಲದ ಸಾಲಿ ಬೇಕ” ಎಂದಿದ್ದಳು. ಬೆಳಗಾವಿಗೆ ಡಾಂಬರು ರಸ್ತೆ ಇತ್ತು, ಬಸ್ಸಿತ್ತು.

ಈ ವರ್ಷ ಆರ್ದ್ರಾ ಹೋಗಿ ಪುನರ್ವಸು ಮಳೆ ಹತ್ತುವ ಹೊತ್ತಿಗೆ ಸೃಷ್ಟಿ ಸಾಲಿ ತಪ್ಪಿಸತೊಡಗಿದಳು. ಒಂದು ದಿನ ಹೊಟ್ಟೆನೋವು, ಒಂದು ದಿನ ತಲೆನೋವು. ಊಟಕ್ಕೆ ಕರೆದರೆ ತಾಟು ಹಿಡಿದು ನಿಂತೇ ತಿನ್ನುವಳು.

“ಕುಂತ ತಿನ್ನವಾ, ಕುದರಿ ಹಂಗ ನಿಂತೀಯಲ್ಲ,” ಎಂದಳು ಚಂದ್ರವ್ವ.

“ಕುಂತ್ರ ಉರೀತೈತಿ ಅವ್ವಾ.”

ಬಚ್ಚಲಿಗೆ ಕರೆದೊಯ್ದು ಫೋನಿನ ಟಾರ್ಚು ಹಿಡಿದು ನೋಡಿದಳು. ಸೊಂಟದ ಸುತ್ತ, ತೊಡೆಯ ಮೇಲೆ ಚಕ್ರ ಚಕ್ರವಾಗಿ ಹುಳಕಡ್ಡಿ ಎದ್ದು, ಕೆರೆದಲ್ಲೆಲ್ಲ ರಸಿಗೆ ಸೋರುತ್ತಿತ್ತು. ಟಾರ್ಚಿನ ಬೆಳಕು ಹಾಗೇ ಮೇಲಕ್ಕೆ, ಹಗ್ಗದ ಕಡೆ ಹೋಯಿತು. ಕಪ್ಪು ಚುಕ್ಕೆ ಬಿದ್ದ ಆ ಟಾವೆಲು ಹಸಿಯಾಗಿ ಜೋತು ಬಿದ್ದಿತ್ತು. ಚಂದ್ರವ್ವ ಅದರ ಒಂದು ತುದಿ ಹಿಡಿದು ಮೂಸಿ ಕೈಬಿಟ್ಟಳು. ಇಷ್ಟು ವರ್ಷ ಅದನ್ನು ತಾನೇ ಒಗೆದು, ತಾನೇ ಹೊದಿಸಿದ್ದಳು.

ರೇನ್‌ಕೋಟು ತರುವ ನೆಪ ಹೇಳಿ ಮಗಳನ್ನು ಬೆಳಗಾವಿಗೆ ಕರೆದೊಯ್ದು ಚರ್ಮದ ಡಾಕ್ಟರಿಗೆ ತೋರಿಸಿದಳು. ಡಾಕ್ಟರಮ್ಮ ಗುಳಿಗೆ, ಮುಲಾಮು ಬರೆದುಕೊಟ್ಟಳು.

“ಮುಖ್ಯ ಅಂದ್ರ ಒಳಬಟ್ಟಿ ಪೂರ್ತಿ ಒಣಗಿರಬೇಕ್ರೀ. ಹಸೀದ ಹಾಕಿದ್ರ ಈ ಔಷಧ ಏನೂ ಮಾಡಂಗಿಲ್ಲ. ಛಲೋ ಬಿಸಲಾಗ ಹಾಕ್ರಿ.”

ಚಂದ್ರವ್ವ ಕಿಟಕಿಯ ಕಡೆ ನೋಡಿದಳು. ಹೊರಗೆ ಬೀದಿ ಕಾಣದ ಹಾಗೆ ಹೊಯ್ಯುತ್ತಿತ್ತು.

“ಯಾ ಬಿಸಲಾಗ್ರಿ ಡಾಕ್ಟರ್?”

ಡಾಕ್ಟರಮ್ಮನಿಗೆ ನಗು ಬಂತು. ಮಹಾಂತೇಶ ನಗರದ ತನ್ನ ಮನೆಯಲ್ಲಿ ಒಣಗಿಸಿ ಕೊಡುವ ಮಷೀನು ಇದೆ, ಅಂಥದೊಂದು ತೆಗೆದುಕೊಂಡರೆ ಬಹಳ ಅನುಕೂಲ ಎಂದಳು. ವಾಪಸು ಬರುವಾಗ ಬಸ್ಸು ಖಾನಾಪುರ ಮುಟ್ಟುವ ತನಕ ಸೃಷ್ಟಿ ಸೀಟಿನ ಕಂಬಿ ಹಿಡಿದು ನಿಂತೇ ಇದ್ದಳು. ಸೀಟು ಖಾಲಿ ಇತ್ತು.

ಮನೆಯಲ್ಲಿ ಇದನ್ನು ಯಾರಿಗೆ, ಹೇಗೆ ಹೇಳುವುದು? ಆ ಮನೆಯಲ್ಲಿ ಹೊಳೆಯ ನೀರಿನ ಮಟ್ಟಕ್ಕೆ ಮಾತಿತ್ತು, ಎಮ್ಮೆಯ ಕೆಚ್ಚಲುಬಾವಿಗೆ ಮಾತಿತ್ತು, ಮಾವನ ಮೂಲವ್ಯಾಧಿಗಂತೂ ಊಟದ ಹೊತ್ತಿನಲ್ಲೂ ಮಾತಿತ್ತು. ಇದಕ್ಕೆ ಇರಲಿಲ್ಲ. ಅತ್ತೆಗೆ ಮಾತ್ರ ಹೇಳಿದಳು.

“ಮಳಿಗಾಲದಾಗ ಹೆಣ್ಮಕ್ಕಳಿಗೆ ಅದು ಇದ್ದದ್ದ ಬಿಡ,” ಎಂದಳು ಅಕ್ಕವ್ವ. “ನಮಗ ಆಗಿಲ್ಲೇನು? ಊರ ತುಂಬ ಹೇಳ್ಕೋತ ತಿರಗಿದ್ವೇನು? ಕೊಬ್ರಿ ಎಣ್ಣಿ ಹಚ್ಚು. ದೀಪಾವಳಿಗೆ ಅದ ಹೋಗ್ತೈತಿ.”

ಮಾತಾಡುತ್ತಲೇ ಅವಳ ಕೈಯಲ್ಲಿದ್ದ ಬೀಸಣಿಕೆಯ ಹಿಡಿ ಸೊಂಟದ ಹತ್ತಿರ, ಸೀರೆಯ ನೆರಿಗೆಯ ಸಂದಿಗೆ ಹೋಗಿ ಕೆರೆಯಿತು. ತನಗೇ ಗೊತ್ತಿಲ್ಲದ ಹಾಗೆ, ವರ್ಷಗಟ್ಟಲೆಯ ರೂಢಿಯ ಹಾಗೆ. ಚಂದ್ರವ್ವ ಅದನ್ನು ನೋಡಿದಳು.

ಅದೇ ವಾರ ಇನ್ನೊಂದು ಎಡವಟ್ಟು ಆಯಿತು. ಅತಿ ಮಳೆಗೆ ಖಾನಾಪುರ ತಾಲೂಕಿನ ಸಾಲಿಗಳಿಗೆ ರಜೆ ಎಂದು ಬಾಳಪ್ಪನ ಫೋನಿಗೆ ಬಂತು. “ರಜಾ ಐತಿ, ಮಲ್ಕೋರಿ” ಎಂದು ಆತ ಇಬ್ಬರೂ ಮಕ್ಕಳಿಗೆ ಹೇಳಿ ತಾನೂ ಮಲಗಿದ. ಬೆಳಗಾವಿಗೆ ರಜೆ ಇರಲಿಲ್ಲ. ಮರುದಿನ ಸೃಷ್ಟಿಯ ಟೀಚರು ಫೋನು ಮಾಡಿ, “ಮನಿ ಇರೂ ತಾಲೂಕ ನೋಡಬ್ಯಾಡ್ರಿ, ಸಾಲಿ ಇರೂ ತಾಲೂಕ ನೋಡ್ರಿ. ಹುಡುಗಿ ಮೊದಲ ಬಾಳ ತಪ್ಪಸ್ಯಾಳ. ಶುಕ್ರವಾರ ಪರೀಕ್ಷಾ ಐತಿ, ಕಳಸ್ರಿ,” ಎಂದು ಬಾಳಪ್ಪನಿಗೆ ನಾಲ್ಕು ಮಾತು ಹೇಳಿದರು. ಹೆಂಗಸಿನಿಂದ ಮಾತು ಹೇಳಿಸಿಕೊಂಡ ಸಿಟ್ಟನ್ನು ಆತ ಮನೆಯ ಹೆಂಗಸರ ಮೇಲೆ ಇಳಿಸಿದ.

“ಇಕಿಗೆ ಸಾಲಿ ಬ್ಯಾಸರಾಗೇತಿ, ಅಷ್ಟ. ದಿನಾ ಒಂದ ಹೊಸಾ ನೋವು. ಶುಕ್ರವಾರ ಹೋಗಿ ಪರೀಕ್ಷಾ ಬರದ ಬಂದ್ರ ಬರೋಬ್ಬರಿ. ಇಲ್ಲಂದ್ರ ಸೋಮವಾರ ಹೋಗಿ ಸಾಲಿ ಬಿಡಿಸಿ ದಾಖಲಾ ತಗೊಂಡ ಬರ್ತೀನಿ. ಇಲ್ಲೇ ಎಲ್ಲೆರ ಹಾಕೂಣು. ಬ್ಯಾಡಂದ್ರ ಮನ್ಯಾಗ ಇರ್ಲಿ, ನಿನಗ ಕೈಗೂಡಸ್ತಾಳ.”

ಸೃಷ್ಟಿ ನಿಂತುಕೊಂಡೇ ಕೇಳಿದಳು. ಆ ರಾತ್ರಿ ಅವಳು ಊಟ ಮಾಡಲಿಲ್ಲ.

ಶುಕ್ರವಾರ ಬೆಳಕು ಹರಿದಾಗ ಚಂದ್ರವ್ವ ಹಿತ್ತಲ ಬಾಗಿಲು ತೆಗೆದಳು. ಹಿತ್ತಲು ಇರಲಿಲ್ಲ. ಕಂದು ನೀರು ಮೆಟ್ಟಿಲಿನ ತನಕ ಬಂದು ಹೊಸ್ತಿಲು ನೆಕ್ಕುತ್ತಿತ್ತು. ಬಚ್ಚಲಿನ ತಗಡು ಒಂದು ಬದಿ ಕುಸಿದು, ಹಗ್ಗ ಮುಳುಗಿ, ಆ ಹಳೇ ಟಾವೆಲು ನೀರಿನ ಮೇಲೆ ಸತ್ತ ಪ್ರಾಣಿಯ ಹಾಗೆ ಅಂಗಾತ ತೇಲುತ್ತಿತ್ತು. ಅದರ ಸುತ್ತ ಗುಂಡಿಯಿಂದ ಎದ್ದು ಬಂದದ್ದು. ಸೆರಗನ್ನು ಮೂಗಿಗೊತ್ತಿ, ಕೋಲಿನಿಂದ ಮಗಳ ಬಟ್ಟೆಗಳನ್ನು ಎಳೆದುಕೊಂಡಳು. ಅವನ್ನು ನೋಡಿಯೇ ಒಳಗೆ ತರಲು ಮನಸ್ಸಾಗದೆ ಮತ್ತೆ ಆ ನೀರಿಗೇ ಬಿಟ್ಟಳು. ಟ್ರಂಕಿನಲ್ಲಿ ಬೇರೆ ಜೊತೆ ಇತ್ತು. ಅದೂ ತಂಪಿಗೆ ಮುಗ್ಗು ಹಿಡಿದಿತ್ತು. ಅದನ್ನು ಕುದಿವ ನೀರಿಗೆ ಹಾಕಿ, ಹಿಂಡಿ, ಕೈಯಲ್ಲಿ ಹಿಡಿದು ನಿಂತಳು. ಮುಚ್ಚಿಟ್ಟು ಒಣಗಿಸಲು ಆ ಮನೆಯಲ್ಲಿ ಇನ್ನು ಜಾಗವೇ ಉಳಿದಿರಲಿಲ್ಲ. ಅಡುಗೆಮನೆಯಲ್ಲಿ ದೇವರ ಜಗಲಿ. ನಡುಮನೆ ಸೋರುತ್ತಿತ್ತು. ಪಡಸಾಲೆ ಒಂದೇ.

ಪಡಸಾಲೆಯಲ್ಲಿ ಗುರುಪಾದಪ್ಪ ಮಗನ ಫೋನು ಹಿಡಿದು ದೊಡ್ಡ ದನಿಯಲ್ಲಿ ಓದುತ್ತಿದ್ದ: “ಖಾನಾಪುರ ತಾಲೂಕಿನ ಎಲ್ಲಾ ಅಂಗನವಾಡಿ, ಸಾಲಿಗೋಳಿಗೆ ಇವತ್ತ ರಜಾ.” ಚೇತನ ಹಾಸಿಗೆಯ ಮೇಲೆ ಕುಣಿದ.

“ಬೆಳಗಾವಿಗ್ರೀ ಮಾವಾರ?”

“ಬೆಳಗಾವಿ ಹೆಸರ ಕಾಣ್ವಲ್ದು.”

ಚಂದ್ರವ್ವ ಟೀಚರಿಗೆ ಫೋನು ಹಚ್ಚಿದಳು. ಸಾಲಿ ಇತ್ತು, ಪರೀಕ್ಷೆಯೂ ಇತ್ತು. ಸೃಷ್ಟಿ ಅವ್ವನ ಮುಖ ನೋಡುತ್ತ ಗೋಡೆಗೊರಗಿ ನಿಂತಿದ್ದಳು.

ಶೇಗಡಿ ಕೆಂಪಗೆ ಉರಿಯುತ್ತಿತ್ತು. ಬುಟ್ಟಿಯ ಮೇಲೆ ಬಾಳಪ್ಪನ ಜೀನ್ಸ್ ಪ್ಯಾಂಟು ಎರಡೂ ಕಾಲು ಅಗಲಿಸಿ, ಇಡೀ ಬುಟ್ಟಿ ಹಿಡಿದು ಮಲಗಿತ್ತು.

“ಇವತ್ತ ನಿಮ್ಮ ಸೊಸೈಟಿ ಇಲ್ಲಲ್ರೀ?” ಎಂದಳು ಚಂದ್ರವ್ವ.

“ಹನ್ನೆರಡರ ಮ್ಯಾಲ ತೆಗೀತಾರಂತ. ಹಳೇ ಸೇತುವಿ ಮ್ಯಾಲ ನೀರ ಬಂದೈತಿ, ನಮ್ಮ ಹುಡುಗರೆಲ್ಲಾ ನಿಂತಾರ. ಹೊಳಿ ನೋಡಾಕ ಹೊಂಟೀನಿ. ಒಣಗಿತೇನ ನೋಡ ಅದು.”

ಚಂದ್ರವ್ವ ನೋಡಿದಳು. ಪ್ಯಾಂಟು ಎತ್ತಿ ಕುರ್ಚಿಯ ಬೆನ್ನಿಗೆ ಹಾಕಿದಳು. ಕೈಯಲ್ಲಿದ್ದುದನ್ನು ಒಂದೊಂದಾಗಿ ಬುಟ್ಟಿಯ ಮೇಲೆ ಹರಡಿದಳು. ಮಗಳ ಎರಡು ಚಡ್ಡಿ, ಒಳ ಅಂಗಿ, ಪಕ್ಕದಲ್ಲಿ ಯೂನಿಫಾರ್ಮಿನ ಲಂಗ. ನೀರು ಇದ್ದಿಲಿಗೆ ತೊಟ್ಟಿಕ್ಕಿ ಚುರ್ ಎಂದಿತು.

ಗುರುಪಾದಪ್ಪ ಫೋನಿನಿಂದ ತಲೆ ಎತ್ತಿದ.

“ಏ, ಏನದು?” ಎಂದ ಬಾಳಪ್ಪ.

“ಸೃಷ್ಟಿ ಚಡ್ಡಿ.”

“ಅದು ಕಾಣಸ್ತೈತಿ ನನಗ. ಪಡಸಾಲ್ಯಾಗ ಯಾಕ? ತೆಗಿ. ಮಂದಿ ಬರೂ ಮನಿ ಇದು.”

“ನಿಮ್ಮವು ದಿನಾ ಇಲ್ಲೇ ಒಣಗ್ತಾವಲ್ರೀ. ಯಾ ಮಂದೀನೂ ಎದ್ದ ಹೋಗಿದ್ದ ನಾ ನೋಡಿಲ್ಲ.”

“ಹುಚ್ಚಗಿಚ್ಚ ಹಿಡದೈತೇನ ನಿನಗ? ಅಪ್ಪಾ ಕುಂತಾರ ಇಲ್ಲಿ.”

ಗುರುಪಾದಪ್ಪ “ಶಿವ ಶಿವಾ, ಥೂ” ಎಂದು ಕುರ್ಚಿಯಲ್ಲೇ ತಿರುಗಿ ಗೋಡೆಗೆ ಮುಖ ಮಾಡಿ ಕುಳಿತ. ಗೋಡೆಯ ಕಡೆಯಿಂದಲೇ ಹೇಳಿದ: “ನಮ್ಮ ಮನ್ಯಾಗ ಇಂಥಾದ್ದ ನೋಡಿದ್ದಿಲ್ಲವಾ. ಚಹಾ ಆಗಿದ್ರ ಕೊಡು.”

ಬಾಳಪ್ಪ ಎದ್ದ. ಬುಟ್ಟಿಯ ತನಕ ದಾಪುಗಾಲಲ್ಲಿ ಬಂದ. ಕಿತ್ತು ಒಗೆಯಲು ಕೈ ಮುಂದೆ ಚಾಚಿದ. ಕೈ ಅಲ್ಲೇ, ಬುಟ್ಟಿಯ ಮೇಲೆ, ಗಾಳಿಯಲ್ಲಿ ನಿಂತಿತು.

ಆತ ಅವನ್ನು ಮುಟ್ಟಲಾರ. ತನ್ನ ಮಗಳು ಹುಟ್ಟಿದಂದಿನಿಂದ ಅವಳ ಒಂದು ಅರಿವೆಯನ್ನೂ ಒಗೆದವನಲ್ಲ, ಹಗ್ಗದಿಂದ ಹೆಂಡತಿಯ ಸೀರೆ ಎಳೆದು ತಂದವನಲ್ಲ. ಹೆಂಗಸರ ಬಟ್ಟೆ ಮುಟ್ಟಿದ ಗಂಡಸು ಎಂದರೆ ಏನೆಂದು ಆತನಿಗೆ ಅವ್ವ ಕಲಿಸಿದ್ದಳು, ಓಣಿ ಕಲಿಸಿತ್ತು. ಕೈಬೆರಳು ಮುದುಡಿದವು. ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಹೇಸಿಗೆ ಇತ್ತು. ನೀರಿನಲ್ಲಿ ತೇಲುವ ಹೆಗ್ಗಣ ನೋಡಿದಾಗಿನ ಹೇಸಿಗೆ. ಹೊಸದಾಗಿ ಕುದಿಸಿದ ಬಟ್ಟೆಯನ್ನು, ತನ್ನ ಮಗಳ ಬಟ್ಟೆಯನ್ನು ನೋಡಿ. ಚಂದ್ರವ್ವ ಆ ಮುಖವನ್ನು ಪೂರ್ತಿ ನೋಡಿದಳು. ಈ ಮುಖಕ್ಕಾಗಿ ತಾನು ಇಷ್ಟು ವರ್ಷ ಟಾವೆಲು ಹೊದಿಸಿದ್ದು.

“ಅವ್ವಾ,” ಎಂದ ಬಾಳಪ್ಪ ಕೈ ಹಿಂದೆಗೆದು, “ನೀ ತೆಗಿ ಅವನ್ನ.”

ಎಲ್ಲರ ಕಣ್ಣೂ ಅಕ್ಕವ್ವನ ಕಡೆ ಹೋದವು, ಗೋಡೆ ನೋಡುತ್ತಿದ್ದ ಗುರುಪಾದಪ್ಪನವನ್ನು ಬಿಟ್ಟು. ಅಕ್ಕವ್ವ ಮಣೆಯ ಮೇಲೆ ಬೀಸಣಿಕೆ ಹಿಡಿದು ಕುಳಿತಿದ್ದಳು.

“ಅತ್ತೀ,” ಎಂದಳು ಚಂದ್ರವ್ವ, “ಹುಡುಗಿ ತೊಡಿ ಕೊಳತಾವು. ಅದಕ್ಕ ಕುಂದ್ರಾಕ ಬರವಲ್ದು. ಸಾಲಿ ಬ್ಯಾಸರಾಗಿಲ್ಲ ಅಕಿಗೆ. ಒಣಾ ಅರಬಿ ಇಲ್ಲ. ಇವತ್ತ ಕುಂತ ಬರೀಲಿಲ್ಲಂದ್ರ ಇವರು ಸಾಲಿ ಬಿಡಸ್ತಾರ.”

ಹೇಳಬಾರದ ಮಾತು ಪಡಸಾಲೆಯಲ್ಲಿ, ಗಂಡಸರ ಎದುರಿಗೆ ಬಿತ್ತು. ಸೃಷ್ಟಿ ಮುಖ ಮುಚ್ಚಿಕೊಂಡಳು.

ಅಕ್ಕವ್ವ ಮಗನನ್ನು ನೋಡಿದಳು. ಮೊಮ್ಮಗಳನ್ನು ನೋಡಿದಳು. ಬೀಸಣಿಕೆಯ ಹಿಡಿ ಒಮ್ಮೆ ಸೊಂಟದ ಕಡೆ ಹೋಯಿತು. ಈ ಸಲ ಅದು ಅವಳಿಗೆ ಗೊತ್ತಾಗಿ ಅಲ್ಲೇ ನಿಂತಿತು. ಬಗ್ಗಿ, ಬುಟ್ಟಿಯ ಮೇಲಿನ ಚಡ್ಡಿಯನ್ನು ಎತ್ತಿದಳು. ತಿರುವಿ, ಇನ್ನೊಂದು ಮಗ್ಗುಲಿಗೆ ಹಾಕಿದಳು.

“ಒಂದ ಕಡೆ ಹೊತ್ತಾವು,” ಎಂದಳು. ಮತ್ತೆ ಬೀಸತೊಡಗಿದಳು.

“ಅವ್ವಾ!”

“ನೀ ಹೊರಗ ಹೊಂಟಿದ್ಯಲ್ಲೋ, ಹೋಗು. ಹೊಗಿ ಕಣ್ಣಿಗೆ ಬರ್ತೈತಿ, ಬಾಜುಕ ಸರಿ.”

ಬಟ್ಟೆ ಗರಿಗರಿಯಾಗಿ ಒಣಗಿತು. ಅದನ್ನು ಹಾಕಿಕೊಂಡು ಓಣಿಯ ನೀರಿಗೆ ಇಳಿದರೆ ಮತ್ತೆ ಅದೇ ಕತೆ. ಚಂದ್ರವ್ವ ಅಟ್ಟದಿಂದ ಸ್ಟೀಲಿನ ಡಬ್ಬಿ ಇಳಿಸಿದಳು. ಮೊದಲ ಪಂಚಮಿಗೆ ತವರಿನಿಂದ ಉಂಡಿ ತುಂಬಿ ಕಳಿಸಿದ ಡಬ್ಬಿ. ಮುಚ್ಚಳ ಬಿಗಿ, ಮಳೆಗಾಲದಲ್ಲೂ ಉಂಡಿ ಮೆತ್ತಗಾಗುವುದಿಲ್ಲ. ಬಿಸಿಬಿಸಿ ಬಟ್ಟೆಯನ್ನು ಮಡಚಿ ಅದರೊಳಗಿಟ್ಟು, ಮುಲಾಮಿನ ಟ್ಯೂಬು ಮೇಲಿಟ್ಟು ಮುಚ್ಚಳ ಒತ್ತಿದಳು.

“ಉಂಡಿ ಡಬ್ಬ್ಯಾಗ!” ಬಾಳಪ್ಪನಿಗೆ ತಡೆಯಲಾಗಲಿಲ್ಲ. “ಇನ್ನ ಆ ಡಬ್ಬ್ಯಾಗಿನ ಉಂಡಿ ನಾ ಮುಟ್ಟಂಗಿಲ್ಲ.”

“ಬರೋಬ್ಬರಿ ಆತು. ಈ ವರ್ಷ ಕಡಿಮಿ ಕಟ್ಟತೀನಿ.”

ಚೇತನ ಅವಳ ಸೆರಗು ಹಿಡಿದ. “ಅವ್ವಾ, ನನಗ ಹಾಲ?”

“ನಿಮ್ಮಪ್ಪನ್ನ ಕೇಳು. ಅವರಿಗೂ ರಜಾ ಐತಿ.”

ಓಣಿಯಲ್ಲಿ ನೀರು ಮೊಣಕಾಲು ದಾಟಿತ್ತು. ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು ಚಂದ್ರವ್ವ ಮುಂದೆ, ಚೀಲವನ್ನು ಎದೆಗವಚಿಕೊಂಡು ಸೃಷ್ಟಿ ಹಿಂದೆ. ನಡುದಾರಿಯಲ್ಲಿ ಏನೋ ಮೆತ್ತಗಿನದು ಕಾಲಿಗೆ ಸುತ್ತಿಕೊಂಡಿತು. ಇಬ್ಬರೂ ನೋಡಲಿಲ್ಲ, ಜಾಡಿಸಿ ನಡೆದರು. ಕಟ್ಟೆಯ ಮೇಲೆ ಹಲ್ಲುಜ್ಜುತ್ತಿದ್ದವನೊಬ್ಬ ಫೋನು ಎತ್ತಿ ವಿಡಿಯೋ ಮಾಡುತ್ತ ಕೇಳಿದ: “ಏನ್ರೀ ವೈನೀ, ಬುತ್ತಿ ಜೋರೈತಿ. ಇವತ್ತ ರಜಾ ಅಲ್ಲೇನ್ರೀ?”

“ಗಂಡಸರಿಗೆ ರಜಾ ಐತ್ರಿ,” ಎಂದಳು ಚಂದ್ರವ್ವ ನಿಲ್ಲದೆ.

ಬಸ್‌ಸ್ಟ್ಯಾಂಡಿನ ಹೆಂಗಸರ ಪಾಯಿಖಾನೆಯ ಬಾಗಿಲು ತೆರೆದೇ ಇತ್ತು. ಒಳಗಿನದು ಹೊರಗೆ ಬರುತ್ತಿತ್ತು. ಚಂದ್ರವ್ವ ಅಲ್ಲಿಂದಲೇ ತಿರುಗಿ, ಎದುರಿನ ಏರಿನಲ್ಲಿ ಸೀರೆಗೆ ಫಾಲು ಹಚ್ಚುವ ಮನಿಷಾಳ ಅಂಗಡಿಗೆ ಮಗಳನ್ನು ಕರೆದೊಯ್ದಳು. ಮನಿಷಾ ಮರಾಠಿಯವಳು, ಚಂದ್ರವ್ವನ ಸೀರೆಗಳಿಗೆಲ್ಲ ಫಾಲು ಅವಳದೇ.

“ಅಗಬಾಯಿ! ಎಷ್ಟ ತೊಯ್ದೀರಿ! ಯೇ, ಒಳಗ ಯೇ.” ಡಬ್ಬಿ ನೋಡಿ, “ಏನ, ನಮಗೇನರ ಫರಾಳ ತಂದಿ?”

“ತಂದೀನಿ. ಬಾಯಾಗ ಹಾಕ್ಕೋಳೂ ಹಂಗಿಲ್ಲ,” ಎಂದು ಚಂದ್ರವ್ವ ಮುಚ್ಚಳ ತೆಗೆದು ತೋರಿಸಿದಳು.

ಮನಿಷಾ ಒಂದು ಗಳಿಗೆ ನೋಡಿದಳು. ನಗಲಿಲ್ಲ. “ಒಣಾ ಐತಿ?” ಎಂದು ಕೈಯಿಟ್ಟು ಮುಟ್ಟಿದಳು. ಮುಟ್ಟಿದ ಕೈಯನ್ನು ತಕ್ಷಣ ತೆಗೆಯಲಿಲ್ಲ. “ಬಿಸಿನೂ ಐತಿ,” ಎಂದಳು ತನಗೇ ಎಂಬಂತೆ. ಟ್ರಯಲಿನ ಪರದೆ ಎಳೆದು, ಬಕೆಟ್ಟಿನಲ್ಲಿ ಶುದ್ಧ ನೀರು ತಂದಿಟ್ಟಳು.

ಪರದೆಯ ಹಿಂದೆ ಕಾಲು ತೊಳೆದು, ಒರೆಸಿ, ಮುಲಾಮು ಹಚ್ಚಿ ಬಟ್ಟೆ ಬದಲಿಸಿದ ಸೃಷ್ಟಿ ಹೊರಗೆ ಬಂದವಳು ಹೊಲಿಗೆ ಮಷೀನಿನ ಮುಂದಿನ ಸ್ಟೂಲಿನ ಮೇಲೆ ಕುಳಿತಳು. ಮೊದಲು ತುದಿಯಲ್ಲಿ, ಆಮೇಲೆ ಪೂರ್ತಿ. ಬೆಳಗಾವಿ ಬಸ್ಸು ಬರುವ ತನಕ ಎದ್ದೇಳಲಿಲ್ಲ, ಹತ್ತುವಾಗ ಡಬ್ಬಿಯನ್ನೂ ಜೊತೆಗೆ ಒಯ್ದಳು.

ಚಂದ್ರವ್ವ ಮನೆಗೆ ಮರಳಿದಾಗ ಅಡುಗೆಮನೆಯ ಕಟ್ಟೆಯ ಮೇಲೆ ಹಾಲು ಚೆಲ್ಲಿ, ಒಲೆಯ ಸುತ್ತ ಹರಿದು, ನೆಲದ ತನಕ ಇಳಿದಿತ್ತು. ಅದರ ಮೇಲೆ ಯಾರೋ ಒಂದು ಲೋಟ ಬೋರಲು ಹಾಕಿದ್ದರು, ಅಷ್ಟಕ್ಕೇ ಒರೆಸಿದ ಹಾಗಾಯಿತು ಎಂಬಂತೆ. ಇರುವೆ ಸಾಲು ಹಿಡಿದಿದ್ದವು. ಚಹಾದ ಕಪ್ಪುಗಳು ಕುಡಿದಲ್ಲೇ ಇದ್ದವು. ಒಂದರಲ್ಲಿ ಬೀಡಿ ತುಂಡು. ಬಾಳಪ್ಪ ಲುಂಗಿಯಲ್ಲಿ ಕುಳಿತಿದ್ದ. ಜೀನ್ಸು ಚಂದ್ರವ್ವ ಹಾಕಿ ಹೋದ ಕುರ್ಚಿಯ ಬೆನ್ನಿಗೇ ಜೋತು ನೆಲಕ್ಕೆ ನೀರು ಬಿಡುತ್ತಿತ್ತು. ಬುಟ್ಟಿ ಖಾಲಿ ಇತ್ತು, ಶೇಗಡಿ ಆರಿತ್ತು. ಕುರ್ಚಿಯಿಂದ ಬುಟ್ಟಿಗೆ ಮೂರು ಹೆಜ್ಜೆ ಇರಲಿಲ್ಲ.

“ಹೊಳಿ ನೋಡಾಕ ಹೋಗಲಿಲ್ರೇನು?”

“ಪ್ಯಾಂಟ ಹಸೀ ಐತಿ.”

“ಹಸೀದ ಹಾಕ್ಕೊಂಡ ಹೋಗ್ರಿ. ಹೊಳಿಗೇನ ಗೊತ್ತಾಗ್ತೈತಿ?”

ಈ ಸಲ ಯಾರೂ ನಗಲಿಲ್ಲ.

ಹಾಲು ಒರೆಸುತ್ತ ಕುಳಿತಾಗ ಅಕ್ಕವ್ವ ಬಂದು ಬಾಗಿಲಿಗೆ ಒರಗಿದಳು. ಸೊಸೆಯ ಮುಖ ನೋಡದೆ, ಹೊರಗಿನ ಮಳೆ ನೋಡುತ್ತ ಕೇಳಿದಳು: “ಆ ಮುಲಾಮು ಮುದುಕೇರಿಗೂ ಹಚ್ಚಾಕ ಬರ್ತೈತೇನು?”

“ಬರ್ತೈತ್ರಿ ಅತ್ತೀ. ಆದ್ರ ಒಣಾ ಅರಬಿ ಬೇಕ.”

“ಹ್ಞೂಂ,” ಎಂದಳು ಅಕ್ಕವ್ವ. “ಎಷ್ಟ ವರ್ಷಾತು,” ಎಂದು ಏನೋ ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟಳು.

ಸಂಜೆ ಸೃಷ್ಟಿ ಬಂದಳು. ಮತ್ತೆ ಅದೇ ಓಣಿ ದಾಟಿ, ಸೊಂಟದ ತನಕ ತೊಯ್ದು, ಆದರೆ ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು. ಚಂದ್ರವ್ವ ಬಾಗಿಲಲ್ಲೇ ಕೇಳಿದಳು.

“ಹೆಂಗಾತವ್ವಾ?”

“ಕುಂತ ಬರದ್ಯಾ ಅವ್ವಾ. ಗಂಟಿ ಹೊಡಿಯೂ ಮಟಾ ಕುಂತಿದ್ದೆ.”

ಬಾಳಪ್ಪನ ಕಿವಿಗೆ ಅದು ಬಿತ್ತು. ಸೋಮವಾರದ ದಾಖಲೆಯ ಮಾತನ್ನು ಆತ ಮತ್ತೆ ಎತ್ತಲಿಲ್ಲ. ಮಗಳನ್ನು ಚೆನ್ನಾಗಿ ಬರೆದೆಯಾ ಎಂದೂ ಕೇಳಲಿಲ್ಲ. ಫೋನು ನೋಡುತ್ತ, “ನಾಳೆ ಮತ್ತ ಖಾನಾಪುರಕ್ಕ ರಜಾ ಅಂತ,” ಎಂದ.

“ಬೆಳಗಾವಿಗಿಲ್ಲ,” ಎಂದಳು ಸೃಷ್ಟಿ. ಯಾರೂ ಅವಳನ್ನು ಕೇಳಿರಲಿಲ್ಲ.

ಗುರುಪಾದಪ್ಪ ತನ್ನ ಕುರ್ಚಿಯನ್ನು ತಾನೇ ಎತ್ತಿ ಗೋಡೆಯ ಕಡೆ ತಿರುಗಿಸಿಕೊಂಡು ಕುಳಿತ. ಆ ಮನೆಯಲ್ಲಿ ಆತ ಒಂದು ಸಾಮಾನು ಎತ್ತಿಟ್ಟಿದ್ದನ್ನು ಚಂದ್ರವ್ವ ನೋಡಿದ್ದು ಅದೇ ಮೊದಲು.

ಅವಳು ಶೇಗಡಿಯ ಬೂದಿ ಕೆರೆದು ಹೊಸ ಇದ್ದಿಲು ಸುರಿದಳು. ಮಗಳ ಬಟ್ಟೆ ಕುದಿಸಿ ಹಿಂಡಿ ತಂದಳು. ಅದರ ಜೊತೆಗೆ ತನ್ನದನ್ನೂ ಹಿಂಡಿ ತಂದಿದ್ದಳು. ಅಕ್ಕವ್ವ ಮಣೆಯ ಮೇಲೆ ಕುಳಿತವಳು ಸೆರಗಿನ ಮರೆಯಿಂದ ತನ್ನದೊಂದು ಹಸಿ ಗಂಟನ್ನು ತೆಗೆದು ಬುಟ್ಟಿಯ ಅಂಚಿಗೆ ಸೇರಿಸಿದಳು. ಬುಟ್ಟಿ ತುಂಬಿತು.

“ನನ್ನ ಪ್ಯಾಂಟ?” ಎಂದ ಬಾಳಪ್ಪ.

“ಪಾಳಿ ಬಂದಾಗ,” ಎಂದಳು ಚಂದ್ರವ್ವ. ಹೊಗೆಗೆ ಕಣ್ಣು ಮುಚ್ಚಿ, ಇದ್ದಿಲು ಊದಿದಳು.